ಇಪ್ಪತ್ತೈದು ಜನರ ಬೆರಳಚ್ಚು

ಟ್ರಸ್ಟಿನವರ ಕಾಗದ ಐದು ದಿನ ತಡವಾಗಿ, ಅಂದರೆ ಸರಿಯಾಗಿ ಅವರು ಬರುವ ದಿನವೇ, ಬೆಳಿಗ್ಗೆ ಸುಮ್ನಿರಪ್ಪನವರ ಕೈ ಸೇರಿತು.

ಸುಮ್ನಿರಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬೀದಿಯ ಕೊನೆಯ ವಾಚನಾಲಯದಲ್ಲಿ ಇಪ್ಪತ್ತೆರಡು ವರ್ಷ ಮೇಜಿನ ಹಿಂದೆ ಕೂತು, ಪಿಸುಗುಟ್ಟಿದವರಿಗೂ ಸೀನಿದವರಿಗೂ “ಸುಮ್ನಿರಪ್ಪಾ” ಎನ್ನುತ್ತ ಬಂದದ್ದಕ್ಕೆ ಜನ ಕೊಟ್ಟ ಬಿರುದು. ಮುಚ್ಚಿಹೋಗಲಿದ್ದ ಆ ವಾಚನಾಲಯವನ್ನು ಎರಡು ವರ್ಷದ ಹಿಂದೆ ಒಂದು ದತ್ತಿ ಟ್ರಸ್ಟು ವಹಿಸಿಕೊಂಡು, ಬೀದಿಯ ಜನ ಕಲಿಯಲಿ ಎಂದು ಐದು ಕಂಪ್ಯೂಟರುಗಳನ್ನೂ ದಾನ ಕೊಟ್ಟಿತ್ತು. ಸುಮ್ನಿರಪ್ಪನವರು ಅವನ್ನು ಬಲು ಜೋಪಾನವಾಗಿ ನೋಡಿಕೊಂಡರು. ಎದುರಂಗಡಿಯ ಟೈಲರ್ ಹತ್ತಿರ ಐದಕ್ಕೂ ಹೂವಿನ ಬಟ್ಟೆಯ ಗವಸು ಹೊಲಿಸಿ ಹಾಕಿದವರು ಒಮ್ಮೆಯೂ ತೆಗೆದಿರಲಿಲ್ಲ. ಕೇಳಿದವರಿಗೆ “ಧೂಳು ಕೂರುತ್ತೆ” ಎನ್ನುತ್ತಿದ್ದರು. ಅಸಲಿಗೆ ಕಂಪ್ಯೂಟರ್ ಮುಟ್ಟಲು ಅವರಿಗೇ ಬರುತ್ತಿರಲಿಲ್ಲ.

ಕಾಗದದಲ್ಲಿ ಹೀಗಿತ್ತು: “ನಮ್ಮ ಪ್ರತಿನಿಧಿಯವರು ಮಧ್ಯಾಹ್ನ ಮೂರಕ್ಕೆ ಆಗಮಿಸಿ ಕನಿಷ್ಠ ಇಪ್ಪತ್ತೈದು ಫಲಾನುಭವಿಗಳ ಬೆರಳಚ್ಚನ್ನು ಪರಿಶೀಲಿಸುವರು. ತಪ್ಪಿದಲ್ಲಿ ಗಣಕಯಂತ್ರಗಳನ್ನು ಹಿಂಪಡೆದು ಕೇಂದ್ರವನ್ನು ಮುಚ್ಚಲಾಗುವುದು.”

ಸುಮ್ನಿರಪ್ಪನವರು ಸುತ್ತಲೂ ನೋಡಿದರು. ಈ ಕೋಣೆಯ ಯಾವ ಕಪಾಟಿನ ಬಾಗಿಲು ಕಿರುಗುಟ್ಟುತ್ತದೆ, ಯಾವ ಕುರ್ಚಿಯ ಕಾಲಿಗೆ ಕಾಗದ ಮಡಿಸಿ ಕೊಡಬೇಕು ಎಂದು ಬಲ್ಲವರು ಅವರೊಬ್ಬರೇ. ಇದಕ್ಕೆ ಬೀಗ ಬಿದ್ದರೆ ಬೆಳಗಾದರೆ ಎಲ್ಲಿಗೆ ಹೋಗುವುದು? ರಬ್ಬರ್ ಸ್ಟಾಂಪಿನ ಇಂಕ್ ಪ್ಯಾಡು, ಶಾಯಿ ಬಾಟಲಿ, ಒಂದಿಷ್ಟು ಬಿಳಿ ಹಾಳೆ ಹಿಡಿದು ಬೀದಿಗಿಳಿದರು.

“ಕೈ ಕೊಡಪ್ಪ” ಎಂದರು ಟೈಲರಿಗೆ.

“ಯಾಕ್ ಸಾರ್? ಎಲ್ಲಿ ಕಳ್ತನ ಆಯ್ತು?”

“ಕಳ್ತನ ಅಲ್ಲ ಮಾರಾಯ, ಕಂಪ್ಯೂಟರ್ ಉಳಿಸ್ಕೊಳ್ಳೋಕೆ!”

“ಅಂದ್ರೆ ಕಂಪ್ಯೂಟರ್ ಕಳ್ತನ ಆಯ್ತಾ?”

ಯಾವ ಬೆರಳು ಎಂದು ಕಾಗದದಲ್ಲಿರಲಿಲ್ಲ. ಯಾವುದಕ್ಕೂ ಇರಲಿ ಎಂದು ಸುಮ್ನಿರಪ್ಪನವರು ಹತ್ತನ್ನೂ ಒತ್ತಿಸಿಕೊಂಡರು. ಅವರು ಪಕ್ಕದ ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ವಾಚನಾಲಯದಲ್ಲಿ ಕಳ್ಳತನವಾಗಿದೆ, ಎಲ್ಲರ ಬೆರಳು ತಾಳೆ ನೋಡುತ್ತಾರಂತೆ! ಮನೆಮನೆಯಲ್ಲೂ ಅಟ್ಟ ಹುಡುಕುವ ಸದ್ದು ಕೇಳಿಸಿತು. ನರ್ಸಮ್ಮನವರು ಹನ್ನೊಂದು ವರ್ಷದ ಹಿಂದೆ ಒಯ್ದ ಕಾದಂಬರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು, “ಕದ್ದಿದ್ದಲ್ಲ ಸಾರ್, ಕೊನೇ ಅಧ್ಯಾಯ ಬಾಕಿ ಇತ್ತು” ಎಂದು ಅವರ ಕೈಗಿಟ್ಟರು. ಮಧ್ಯಾಹ್ನದ ಹೊತ್ತಿಗೆ ಮೇಜಿನ ಮೇಲೆ ಪುಸ್ತಕಗಳ ರಾಶಿಯೇ ಬಿತ್ತು.

ನಿವೃತ್ತ ಪೋಸ್ಟ್ ಮಾಸ್ಟರ್ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

“ಮೂವತ್ತು ವರ್ಷ ಸೈನ್ ಹಾಕಿದ ಕೈ ಕಣ್ರೀ ಇದು. ನನ್ನ ಹತ್ರ ಹೆಬ್ಬೆಟ್ಟು ಒತ್ತಿಸ್ಕೋತೀರಾ?”

“ನನಗೋಸ್ಕರ ಸಾರ್. ರೂಮಿಗೆ ಬೀಗ ಹಾಕ್ತಾರೆ.”

ಹಾಗೆನ್ನುವಾಗ ಸುಮ್ನಿರಪ್ಪನವರ ದನಿ ಒಡೆಯಿತು. ಪೋಸ್ಟ್ ಮಾಸ್ಟರ್ ಮುಖ ಅತ್ತ ತಿರುಗಿಸಿ ಕೈ ಮುಂದೆ ಮಾಡಿದರು. ಆಮೇಲೆ ಬೆರಳಚ್ಚಿನ ಕೆಳಗೆ ಪೂರ್ತಿ ಸಹಿಯನ್ನೂ ಹಾಕಿದರು.

ಇಪ್ಪತ್ತೈದನೆಯವರು ಮೂಲೆಮನೆ ಅಜ್ಜಿ. ಪಾತ್ರೆ ತಿಕ್ಕಿ ತಿಕ್ಕಿ ಅಜ್ಜಿಯ ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ಎಷ್ಟು ಒತ್ತಿದರೂ ಬರೀ ಕಪ್ಪು ಚುಕ್ಕೆ.

“ಇನ್ನೊಂದ್ಸಲ ಒತ್ತಲಾ ಮಗಾ?” ಎಂದು ಅಜ್ಜಿ ಪಾಪ, ಹಾಳೆ ತುಂಬುವವರೆಗೂ ಒತ್ತಿದರು.

ಮೂರಕ್ಕೆ ಕಾಲು ಗಂಟೆ ಇರುವಾಗ ಎಲ್ಲರೂ ವಾಚನಾಲಯದಲ್ಲಿ ಜಮಾಯಿಸಿದರು. ಪೋಸ್ಟ್ ಮಾಸ್ಟರಿಗೆ ಮಾತ್ರ ಸಮಾಧಾನವಿರಲಿಲ್ಲ. “ಎಲ್ಲಿ, ಆ ಕಾಗದ ಕೊಡಿ” ಎಂದು ಕಿತ್ತುಕೊಂಡು ಓದಿದವರು ಹಣೆ ಚಚ್ಚಿಕೊಂಡರು.

“ರೀ, ಇದು ಹೆಬ್ಬೆಟ್ಟಲ್ಲ ಕಣ್ರೀ! ನಮ್ಮ ಆಫೀಸಲ್ಲಿ ಟೈಪಿಸ್ಟಿಗೆ ಏನಂತಿದ್ರು ಹೇಳಿ? ಬೆರಳಚ್ಚುಗಾರ! ಇವರು ಕೇಳಿರೋದು ಟೈಪಿಂಗು!”

ಒಂದು ಕ್ಷಣ ಕೋಣೆ ನಿಜವಾಗಿಯೂ ಸುಮ್ಮನಾಯಿತು. ಮರುಕ್ಷಣ ಗವಸುಗಳು ಹಾರಿದವು, ಟೈಲರ್ ಕಂಡ ಕಂಡ ಸ್ವಿಚ್ಚನ್ನೆಲ್ಲ ಒತ್ತಿದ, ಆ ನೂಕುನುಗ್ಗಲಿನಲ್ಲಿ ಶಾಯಿ ಬಾಟಲಿ ಮಗುಚಿಬಿತ್ತು. ಒರೆಸಲು ಹೊತ್ತೆಲ್ಲಿದೆ? ಒಂದೊಂದು ಕಂಪ್ಯೂಟರಿಗೆ ಐದೈದು ಜನ ಮುಗಿಬಿದ್ದು, ಕಪ್ಪು ಬೆರಳುಗಳಿಂದ ಸಿಕ್ಕಿದ್ದನ್ನೆಲ್ಲ ಕುಟ್ಟತೊಡಗಿದರು. ಕೀಲಿಮಣೆಗಳು ಕರಿ ಹೆಂಚಿನಂತಾದವು.

ಅಷ್ಟರಲ್ಲಿ ಟ್ರಸ್ಟಿನ ಮೇಡಂ ಒಳಗೆ ಬಂದರು. ಬಾಗಿಲ ಬಳಿಯ ಮೊದಲ ಕಂಪ್ಯೂಟರಿನಲ್ಲಿ ಪೋಸ್ಟ್ ಮಾಸ್ಟರ್ ಕೂತಿದ್ದರು. ಹಳೆಯ ಟೈಪ್‌ರೈಟರಿನ ಅಭ್ಯಾಸ, ಸೂರು ನೋಡುತ್ತಲೇ ಹತ್ತೂ ಬೆರಳು ಆಡಿಸುತ್ತಿದ್ದರು. ಪರದೆಯ ಮೇಲೆ ಸಾಲುಗಳು ಮುತ್ತು ಪೋಣಿಸಿದ ಹಾಗೆ ಬೀಳುತ್ತಿದ್ದವು.

ಮೇಡಂ ಕೀಲಿಮಣೆ ನೋಡಿದರು, ಪೋಸ್ಟ್ ಮಾಸ್ಟರನ್ನು ನೋಡಿದರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಬಳಸಿ ಬಳಸಿ ಕೀಲಿ ಮೇಲೆ ಒಂದಕ್ಷರಾನೂ ಉಳಿದಿಲ್ಲ! ಆದ್ರೂ ನೋಡ್ದೇನೇ ಟೈಪ್ ಮಾಡ್ತಿದೀರಲ್ಲ! ಯಾರು ಕಲಿಸಿದ್ದು?”

ಪೋಸ್ಟ್ ಮಾಸ್ಟರಿಗೆ ಉದಾರಬುದ್ಧಿ ಬಂದುಬಿಟ್ಟಿತು. ಸುಮ್ನಿರಪ್ಪನವರತ್ತ ಕೈ ತೋರಿಸಿದರು. “ಎಲ್ಲಾ ಇವರೇ ಮೇಡಂ. ಇವರಂಥ ಗುರು ಇನ್ನೊಬ್ರಿಲ್ಲ.”

“ಹೌದು ಹೌದು” ಎಂದು ಇಡೀ ಬೀದಿ ದನಿಗೂಡಿಸಿತು.

“ಈ ಕೇಂದ್ರ ಮುಚ್ಚೋ ಮಾತೇ ಇಲ್ಲ” ಎಂದರು ಮೇಡಂ. ಸುಮ್ನಿರಪ್ಪನವರಿಗೆ ಕೋಣೆಯ ಗೋಡೆಗಳನ್ನೆಲ್ಲ ತಬ್ಬಿಕೊಳ್ಳಬೇಕೆನಿಸಿತು.

“ಆದ್ರೆ ನಿಮ್ಮಂಥವರನ್ನ ಒಂದೇ ರೂಮಲ್ಲಿ ಕೂರಿಸಿದ್ರೆ ತಪ್ಪಾಗುತ್ತೆ. ನಮ್ಮವು ಇನ್ನೂ ಮೂವತ್ತಾರು ಕೇಂದ್ರಗಳಿವೆ, ಎಲ್ಲಾ ಕಡೆ ಕಂಪ್ಯೂಟರ್ ಧೂಳು ತಿಂತಿವೆ. ಸೋಮವಾರದಿಂದ ನೀವು ಊರೂರು ತಿರುಗಿ ಟೈಪಿಂಗ್ ಕಲಿಸ್ಬೇಕು. ಇಲ್ಲಿ ಈ ಹಿರಿಯರು ಕೂತ್ಕೋತಾರೆ. ಏನಂತೀರಿ ಸಾರ್?”

ಪೋಸ್ಟ್ ಮಾಸ್ಟರ್ ನಾಚಿಕೊಂಡು “ಬೇಡ ಅನ್ನೋಕಾಗುತ್ತಾ?” ಎಂದರು.

ಸುಮ್ನಿರಪ್ಪನವರು ಬಾಯಿ ತೆರೆದರು. ನಿಜ ಹೇಳಿದರೆ ಕೋಣೆಗೆ ಬೀಗ, ಹೇಳದಿದ್ದರೆ ಕೋಣೆ ಪೋಸ್ಟ್ ಮಾಸ್ಟರಿಗೆ. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡರು.

“ಒಪ್ಪಿಗೆ ಅಂತ ಒಂದೇ ಒಂದು ಸಾಲು ಟೈಪ್ ಮಾಡ್ಕೊಡಿ, ಈಗಲೇ ತಗೊಂಡು ಹೋಗ್ತೀನಿ” ಎಂದು ಮೇಡಂ ಕುರ್ಚಿ ಎಳೆದುಕೊಟ್ಟರು.

ಸುಮ್ನಿರಪ್ಪನವರು ಕೂತರು. ಎರಡೂ ಕೈಗಳನ್ನು ಕಪ್ಪು ಕೀಲಿಮಣೆಯ ಮೇಲೆ ಎತ್ತಿ ಹಿಡಿದರು. ಕೈಗಳು ಹಾಗೇ ನಿಂತವು.

ಪಕ್ಕದಲ್ಲಿದ್ದ ಅಜ್ಜಿ ಅವರ ಕಿವಿಯ ಹತ್ತಿರ ಬಗ್ಗಿ, ಒಂದು ಕೀಲಿಯನ್ನು ಮೆಲ್ಲಗೆ ತೋರಿಸಿದರು.

“ಹೆದರ್ಬೇಡ ಮಗಾ. ಇದನ್ನ ಒತ್ತು, ‘ಕ’ ಬರುತ್ತೆ. ಮಿಕ್ಕಿದ್ದು ನಂಗೂ ಗೊತ್ತಿಲ್ಲ.”