ನಿಷ್ಠಾವಂತರಿಗೆ ಗೋಡೆಯಿಲ್ಲದ ಕೋಣೆ

ನಾಲ್ಕಂತಸ್ತಿನ ಆ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಏನೂ ಕೆಟ್ಟಿರಲಿಲ್ಲ. ಆದ್ದರಿಂದ ಅದನ್ನು ರಿಪೇರಿ ಮಾಡಿಸತಕ್ಕದ್ದೆಂದು ಆಡಳಿತ ಮಂಡಳಿ ಒಮ್ಮತದಿಂದ ನಿರ್ಣಯಿಸಿತು.

ಈ ನಿರ್ಣಯ ಆಗುವ ಹೊತ್ತಿಗೆ ಸರಿಯಾಗಿ ಬೀಗದಣ್ಣ ಕೌಂಟರಿನ ಮುಂದೆ ನಿಂತಿದ್ದ. ಊರೂರು ಸುತ್ತಿ ಅಂಗಡಿಗಳಿಗೆ ಬೀಗ ಹಾಕಿಬರುವುದು, ಅಂದರೆ ಮಾರಿಬರುವುದು, ಅವನ ಕೆಲಸ. ತಿಂಗಳಿಗೆ ಎರಡು ರಾತ್ರಿ ಈ ಹೋಟೆಲಿನಲ್ಲೇ ಉಳಿಯುತ್ತಿದ್ದ. ಹಾಗೆ ಉಳಿದವರಿಗೆ ಹೋಟೆಲಿನವರು ನಿಷ್ಠಾವಂತ ಸದಸ್ಯರು ಅಂತ ಕಾರ್ಡು ಕೊಟ್ಟು, ಉಳಿದಷ್ಟೂ ರಾತ್ರಿಗೆ ಅಂಕ ಹಾಕುತ್ತಿದ್ದರು. ಏಳು ಸಾವಿರ ಅಂಕ ಕೂಡಿದರೆ ಏಳು ರಾತ್ರಿ ಬಿಟ್ಟಿ. ಮದುವೆಯಾದ ಮೂರನೇ ವರ್ಷ ಅವನು ಹೆಂಡತಿಗೆ ಮಾತು ಕೊಟ್ಟಿದ್ದ: "ಅಂಕ ಕೂಡ್ಲಿ ಕಣೇ. ಸ್ನಾನದ ತೊಟ್ಟಿ ಇರೋ ಕೋಣೆಯಲ್ಲಿ ನಿನ್ನ ಏಳು ದಿನ ಇಡ್ತೀನಿ. ಒಂದು ಲೋಟ ತೊಳೆದ್ರೆ ಕೇಳು."

ಆಕೆ ಅವತ್ತಿನಿಂದ ಲೋಟ ತೊಳೆಯುತ್ತಾ ಕಾದಿದ್ದಳು. ಬೈಯಲಿಲ್ಲ, ಜಗಳ ತೆಗೆಯಲಿಲ್ಲ. ಅವನು ಊರಿಂದ ಬಂದಾಗಲೆಲ್ಲ ಚೀಲ ಇಳಿಸಿಕೊಳ್ಳುತ್ತಾ, "ಎಷ್ಟಾಯ್ತು?" ಅಂತ ಒಂದೇ ಮಾತು ಕೇಳುತ್ತಿದ್ದಳು. ಆ ಒಂದು ಮಾತಿಗಿಂತ ಬೈಗುಳವೇ ವಾಸಿ ಅಂತ ಅವನಿಗೆ ಅನ್ನಿಸುತ್ತಿತ್ತು.

ಈಗ ಏಳು ಸಾವಿರ ತುಂಬಿತ್ತು. ಇನ್ನು ಮೂರು ತಿಂಗಳಿಗೆ ಅವನ ನಿವೃತ್ತಿ. ಆಮೇಲೆ ಕಂಪನಿ ಖರ್ಚಿನಲ್ಲಿ ಹೋಟೆಲೂ ಇಲ್ಲ, ಅಂಕವೂ ಇಲ್ಲ.

"ಏಳು ಸಾವಿರ ಸಾಲಲ್ಲ ಸಾರ್," ಅಂದಳು ಕೌಂಟರಿನಾಕೆ. "ಹತ್ತು ಸಾವಿರ ಆಗಿದೆ. ನವೀಕರಣ ಆಗ್ತಾ ಇದೆಯಲ್ಲ, ಕೋಣೆಯ ಮೌಲ್ಯ ಏರಿದೆ."

ಬೀಗದಣ್ಣ ಸುತ್ತ ನೋಡಿದ. ಅದೇ ಗೋಡೆ, ಅದೇ ಕುರ್ಚಿ, ಅದೇ ಒಂದು ರೆಕ್ಕೆ ಕಿರುಗುಟ್ಟುವ ಫ್ಯಾನು.

"ಇನ್ನೂ ಒಂದು ಮೊಳೆ ಹೊಡೆದಿಲ್ಲವಲ್ಲಮ್ಮ?"

"ಹೊಡೆಯೋ ಉದ್ದೇಶ ಇದೆ ಸಾರ್. ಉದ್ದೇಶಕ್ಕೂ ಬೆಲೆ ಇದೆ."

ಬೀಗದಣ್ಣನಿಗೆ ಮನೆಗೆ ಹೋಗಿ ಈ ಮಾತು ಹೇಳುವುದಕ್ಕಿಂತ ಇಲ್ಲೇ ಬೀಗದ ಪೆಟ್ಟಿಗೆಯೊಳಗೆ ಸೇರಿಕೊಂಡುಬಿಡೋಣ ಅನ್ನಿಸಿತು. ಆದರೆ ಮರುದಿನ ಬೆಳಿಗ್ಗೆ ಲಿಫ್ಟಿನ ಪಕ್ಕದಲ್ಲಿ ಒಂದು ಪ್ರಕಟಣೆ ಅಂಟಿಸಿದ್ದರು.

"ಮಾನ್ಯ ನಿಷ್ಠಾವಂತ ಸದಸ್ಯರ ಗಮನಕ್ಕೆ. ನವೀಕರಣ ಕಾಮಗಾರಿಯಿಂದ ತಮಗೆ ಆಗಬಹುದಾದ, ಆಗುವ ಹಾಗೂ ಆಗಿಯೇ ತೀರುವ ತೊಂದರೆಗಾಗಿ ಆಡಳಿತ ಮಂಡಳಿಯು ಮುಂಗಡವಾಗಿ ವಿಷಾದಿಸುತ್ತದೆ. ಪರಿಹಾರಾರ್ಥವಾಗಿ ಪ್ರತಿ ರಾತ್ರಿಗೆ, ಸುತ್ತಿಗೆಯ ಸದ್ದಿಗೆ ಐವತ್ತು ಅಂಕ, ನೀರು ಬಾರದ ನಲ್ಲಿಗೆ ನೂರು, ಬಾಗಿಲಿಲ್ಲದ ಕೋಣೆಗೆ ಇನ್ನೂರು, ಗೋಡೆಯಿಲ್ಲದ ಕೋಣೆಗೆ ಐನೂರು ನೀಡಲಾಗುವುದು. ಸದಸ್ಯರು ತಾವಾಗಿಯೇ ತೊಂದರೆ ಮಾಡಿಕೊಂಡು ಅಂಕ ಕೇಳತಕ್ಕದ್ದಲ್ಲ."

ಮ್ಯಾನೇಜರು ಇದನ್ನು ಬರೆಸಿದ್ದು ಸದಸ್ಯರ ಬಾಯಿ ಮುಚ್ಚಿಸುವುದಕ್ಕೆ. ಸದಸ್ಯರು ಮಾತ್ರ ಅದನ್ನು ಹೋಟೆಲಿನ ತಿಂಡಿ ಪಟ್ಟಿ ಓದಿದ ಹಾಗೆ ಮೇಲಿಂದ ಕೆಳಕ್ಕೆ ಎರಡು ಸಲ ಓದಿದರು. ಅವರೂ ಇಷ್ಟು ವರ್ಷ ಅಂಕ ಕೂಡಿಸಿಕೊಂಡೇ ಬಂದವರು. ಸಿಗುವುದನ್ನು ಬಿಟ್ಟು ಅಭ್ಯಾಸವಿಲ್ಲ.

ಮುಂದಿನ ತಿಂಗಳು ಬೀಗದಣ್ಣ ಬರುವಷ್ಟರಲ್ಲಿ ಕೌಂಟರಿನ ಮುಂದೆ ಸಾಲು ಹನುಮಂತನ ಬಾಲದಂತೆ ಬೆಳೆದಿತ್ತು. ಕನ್ನಡಕದ ವ್ಯಾಪಾರಿಯೊಬ್ಬ ಮೇಜು ಕುಟ್ಟುತ್ತಿದ್ದ.

"ನನಗೆ ಕೊಟ್ಟ ಕೋಣೆಯಲ್ಲಿ ಬಿಸಿನೀರು ಬರ್ತಾ ಇದೆ. ಇದೇನು ಮೋಸಾನಾ?"

"ಕ್ಷಮಿಸಿ ಸಾರ್, ಕಣ್ತಪ್ಪಿ ಆಗಿದೆ. ಈಗಲೇ ನಿಲ್ಲಿಸೋಕೆ ಹೇಳ್ತೀನಿ," ಅಂದಳು ಕೌಂಟರಿನಾಕೆ.

ಬೀಗದಣ್ಣನಿಗೆ ಬಾಗಿಲಿಲ್ಲದ ಕೋಣೆ ಸಿಕ್ಕಿತು. ಪೆಟ್ಟಿಗೆ ತುಂಬ ಬೀಗ, ಹಾಕಲು ಬಾಗಿಲಿಲ್ಲ. ಆದರೂ ಅವನ ಮುಖ ಅರಳಿತ್ತು. ಅಷ್ಟರಲ್ಲಿ ಗಾರೆ ಮೇಸ್ತ್ರಿ ಹೊಸ ಬಾಗಿಲೊಂದನ್ನು ಹೆಗಲ ಮೇಲೆ ಹೊತ್ತು ಬಂದ. ಹೋಟೆಲಿನ ಕೆಲಸವೆಲ್ಲ ಅವನ ಕೈಯಲ್ಲೇ ಇತ್ತು.

"ಅದೇನು ಮೇಸ್ತ್ರಿ?"

"ಬಾಗಿಲಣ್ಣಾ. ಕೂರಿಸಿಬಿಡ್ತೀನಿ, ಅರ್ಧ ಗಂಟೆ ಕೆಲಸ."

"ಏನವಸರ? ಕೂತ್ಕೊಳಪ್ಪಾ, ಕಾಫಿ ತರಿಸ್ತೀನಿ. ಬಾಗಿಲು ಅಲ್ಲಿ ಒರಗಿಸು. ಮನೆಯಲ್ಲಿ ಎಲ್ಲಾ ಚೆನ್ನಾಗಿದಾರಾ?"

ಮೇಸ್ತ್ರಿ ಕೂತ. ಕಾಫಿ ಕುಡಿದ. ಮಗಳ ಓದು, ಅತ್ತೆಯ ಮಂಡಿನೋವು, ಸಿಮೆಂಟು ಈಗ ಮೊದಲಿನ ಹಾಗೆ ಹಿಡಿಯದೆ ಇರುವುದು, ಎಲ್ಲಾ ಮಾತಾಡಿದರು. ಸಂಜೆಯಾಯಿತು.

"ಈ ಅಂತಸ್ತಿನಲ್ಲಿ ಇದು ಏಳನೇ ಕಾಫಿ ಅಣ್ಣಾ," ಅಂದ ಮೇಸ್ತ್ರಿ ಏಳುತ್ತಾ. "ಯಾರೂ ಕೆಲಸ ಮಾಡೋಕೆ ಬಿಡ್ತಿಲ್ಲ. ಇಷ್ಟು ಮರ್ಯಾದೆ ನನ್ನ ಮದುವೆ ದಿನಾನೂ ಸಿಕ್ಕಿರ್ಲಿಲ್ಲ."

ಹೀಗಿರುವಾಗ ಆಡಳಿತ ಮಂಡಳಿ ಸಭೆ ಸೇರಿತು. ಮ್ಯಾನೇಜರು ವರದಿ ಓದಿದರು. ಕೆಲಸ ಮುಗಿದ ಹದಿನಾಲ್ಕು ಕೋಣೆ ಖಾಲಿ ಬಿದ್ದಿವೆ. ಮುಗಿಯದ ಇಪ್ಪತ್ತಾರು ಕೋಣೆ ಭರ್ತಿ, ಎರಡು ತಿಂಗಳ ಮುಂಚೆ ಕಾದಿರಿಸಬೇಕಾದ ಸ್ಥಿತಿ. ಗೋಡೆ ಒಡೆದ ಐದು ಕೋಣೆಗಳಿಗಂತೂ ಶಿಫಾರಸು ಪತ್ರ ಬರುತ್ತಿವೆ. ಆದ್ದರಿಂದ ನವೀಕರಣದಿಂದ ಹೋಟೆಲಿನ ಮೌಲ್ಯ ಏರಿದೆಯೆಂಬುದು ಸಾಬೀತಾಗಿದೆ. ಅದು ಮುಗಿದರೆ ಇಳಿಯುವುದೂ ಸಾಬೀತಾಗಿದೆ.

ಮಂಡಳಿ ಮೂರು ನಿಯಮ ಮಾಡಿತು. ಒಂದು, ಮುಗಿದ ಕೋಣೆಗಳನ್ನು ಹಂತಹಂತವಾಗಿ ಒಡೆದು ಮೇಲ್ದರ್ಜೆಗೆ ಏರಿಸತಕ್ಕದ್ದು. ಎರಡು, ಗೋಡೆ, ಬಾಗಿಲು, ನೀರು ಮೂರೂ ಇರುವ ಕೋಣೆಯನ್ನು ನಿಷ್ಠಾವಂತ ಸದಸ್ಯರಿಗೆ ಕೊಡುವುದು ಅವರ ಘನತೆಗೆ ಕುಂದಾದ್ದರಿಂದ ಕೊಡತಕ್ಕದ್ದಲ್ಲ. ಮೂರು, ಸದಸ್ಯರ ಜೊತೆಯಲ್ಲಿ ಬಂದ, ಸದಸ್ಯರಲ್ಲದ ಜನಕ್ಕೆ ಅಂಥ ಕೋಣೆಗಳನ್ನು ವಿಷಾದಪೂರ್ವಕವಾಗಿ, ಶುಲ್ಕವಿಲ್ಲದೆ ಕೊಡತಕ್ಕದ್ದು.

ಮೇಸ್ತ್ರಿಗೆ ಒಡೆಯುವ ಆರ್ಡರು ಸಿಕ್ಕಿತು. ತಾನೇ ಹಾಕಿದ ಟೈಲ್ಸನ್ನು ತಾನೇ ಕೀಳುವಾಗ ಅವನಿಗೆ ಬೇಜಾರಾಗಲಿಲ್ಲವೇ ಅಂತ ಬೀಗದಣ್ಣ ಕೇಳಿದ.

"ಒಡೆಯೋದಕ್ಕೂ ಕೈ ಬೇಕಣ್ಣಾ. ಸುಮ್ನೆ ಅಡ್ಡಾದಿಡ್ಡಿ ಒಡೆದ್ರೆ ಸದಸ್ಯರು ಒಪ್ಪಲ್ಲ. ಮೊನ್ನೆ ಒಬ್ರು, ಈ ಬಿರುಕು ಸಾಲ್ದು ಅಂತ ವಾಪಸ್ ಕಳಿಸಿದ್ರು."

ನಿವೃತ್ತಿಗೆ ಎರಡು ದಿನ ಇರುವಾಗ ಬೀಗದಣ್ಣನ ಅಂಕ ಹತ್ತು ಸಾವಿರ ದಾಟಿತು. ಅವನು ಮನೆಗೆ ಓಡೋಡಿ ಬಂದ. ಹೆಂಡತಿ ಚೀಲ ಇಳಿಸಿಕೊಳ್ಳುವ ಮೊದಲೇ, "ಆಯ್ತು ಕಣೇ," ಅಂದ. ಆಕೆ ಕೈಯಲ್ಲಿದ್ದ ಲೋಟವನ್ನು ತೊಳೆಯದೆ ಹಾಗೇ ಕೆಳಗಿಟ್ಟಳು.

ಇಬ್ಬರೂ ಒಳ್ಳೆ ಬಟ್ಟೆ ಉಟ್ಟು ಹೋಟೆಲಿಗೆ ಬಂದರು. ಕೌಂಟರಿನಾಕೆ ಎದ್ದು ನಿಂತು ಸ್ವಾಗತಿಸಿದಳು.

"ನಿಮಗೆ ಮೂರನೇ ಅಂತಸ್ತಿನ ಮೂಲೆ ಕೋಣೆ ಸಾರ್. ಎರಡು ಕಡೆ ಗೋಡೆ ಇಲ್ಲ. ಹೋಟೆಲಿನಲ್ಲೇ ಅತ್ಯುತ್ತಮ."

ಬೀಗದಣ್ಣ ಹೆಮ್ಮೆಯಿಂದ ಹೆಂಡತಿಯ ಕಡೆ ತಿರುಗಿದ. ಆಕೆಯ ಮುಖ ನೋಡಿ ಹೆಮ್ಮೆಯನ್ನು ಅರ್ಧಕ್ಕೇ ನಿಲ್ಲಿಸಿದ.

"ಸ್ನಾನದ ತೊಟ್ಟಿ?" ಅಂದಳು ಆಕೆ.

"ಇದೆ ಅಮ್ಮ. ಆದರೆ ರಸ್ತೆ ಕಡೆಗಿದೆ. ಬಸ್‌ಸ್ಟಾಪಿನಲ್ಲಿ ನಿಂತವರಿಗೆ ಕಾಣುತ್ತೆ."

"ರೀ, ಇದಕ್ಕಾ ನಾನು ಇಷ್ಟು ವರ್ಷ ಕಾದಿದ್ದು?"

"ಹಾಗಲ್ಲ ಕಣೇ, ಇದು ಸಿಗೋದೇ ಕಷ್ಟ. ಒಂದೊಂದು ಅಂಕಕ್ಕೂ ಒದ್ದಾಡಿದೀನಿ. ಗಾಳಿ ಬೆಳಕು ನೋಡು ಹೇಗಿರುತ್ತೆ..."

"ಗಾಳಿ ಬೆಳಕು ಮನೆ ಹಿತ್ತಲಲ್ಲೂ ಇದೆ." ಆಕೆ ಕೌಂಟರಿನ ಮೇಲೆ ಮೊಣಕೈ ಊರಿದಳು. "ನೋಡಮ್ಮ, ನನಗೆ ನಾಲ್ಕು ಗೋಡೆ, ಒಂದು ಬಾಗಿಲು, ಬಿಸಿನೀರು ಬೇಕು. ಇದೆಯಾ?"

ಕೌಂಟರಿನಾಕೆ ದನಿ ತಗ್ಗಿಸಿದಳು. "ಇದೆ. ಆದರೆ ಅದು ಸದಸ್ಯರಲ್ಲದವರಿಗೆ ಕೊಡೋದು. ಸಾರ್‌ಗೆ ಕೊಟ್ಟರೆ ಅವಮಾನ ಆಗುತ್ತೆ."

"ಕಾರ್ಡಿನಲ್ಲಿ ಯಾರ ಹೆಸರಿದೆ?"

"ಸಾರ್ ಹೆಸರು ಮಾತ್ರ."

"ಹಾಗಾದರೆ ಅವಮಾನ ನನಗೆ ಕೊಡು. ಮರ್ಯಾದೆ ಅವರಿಗಿರಲಿ."

ಹಾಗೆಯೇ ಆಯಿತು. ಬೀಗದಣ್ಣ ಮೂರನೇ ಅಂತಸ್ತಿನಲ್ಲಿ, ಪಟಪಟ ಬಡಿಯುವ ಟಾರ್ಪಾಲಿನ ಹಿಂದೆ, ಗೌರವದಿಂದ ಮಲಗಿದ. ಆಕೆ ಮೊದಲನೇ ಅಂತಸ್ತಿನಲ್ಲಿ, ಇನ್ನೂ ಒಡೆಯಲು ಸರದಿ ಬಾರದಿದ್ದ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡಳು. ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ ಕೂತು, ಬೆರಳ ತುದಿ ಸುಕ್ಕುಗಟ್ಟುವವರೆಗೆ ಏಳಲಿಲ್ಲ. ಊಟ ಬಾಗಿಲಿಗೆ ಬಂತು, ತಟ್ಟೆ ಬಾಗಿಲಿಂದ ಹೋಯಿತು. ಗೊರಕೆಯ ಸದ್ದಿಲ್ಲದೆ ಎಷ್ಟೋ ವರ್ಷದ ಮೇಲೆ ಮೊದಲ ಸಲ ನಿದ್ದೆ ಮಾಡಿದಳು.

ಮೂರನೇ ದಿನ ಬೀಗದಣ್ಣ ಬಂದು ಬಾಗಿಲು ತಟ್ಟಿದ. ತಲೆಯ ಮೇಲೆಲ್ಲ ಸುಣ್ಣದ ಪುಡಿ.

"ಯಾರು?"

"ನಾನು ಕಣೇ. ಒಂದು ಚೂರು ಸ್ನಾನ ಮಾಡ್ಕೊಂಡು ಹೋಗ್ಲಾ?"

ಒಳಗೆ ನೀರು ಚೆಲ್ಲಿದ ಸದ್ದಾಯಿತು.

"ಎಷ್ಟಾಯ್ತು?" ಅಂದಳು ಆಕೆ.

"ಈ ಮೂರು ರಾತ್ರಿಗೇ ಎರಡು ಸಾವಿರದ ಮೇಲೆ ಬಿದ್ದಿದೆ. ಬಿಟ್ಟಿ ಉಳಿದರೂ ತೊಂದರೆಗೆ ಅಂಕ ಕೊಡ್ತಾರೆ."

"ಸ್ನಾನ ಮಾಡಿದ್ರೆ?"

ಬೀಗದಣ್ಣ ಯೋಚಿಸಿದ. ನೀರು ಬಾರದ ನಲ್ಲಿಯ ನೂರು ಅಂಕ ಕಳೆಯಬೇಕಾಗುತ್ತದೆ. ಪ್ರಾಮಾಣಿಕ ಮನುಷ್ಯ, ಸುಣ್ಣದ ಪುಡಿ ಕೊಡವಿಕೊಂಡು ಮೆಟ್ಟಿಲು ಹತ್ತಿದ.

ಏಳನೇ ದಿನದ ಬೆಳಿಗ್ಗೆ ಇಬ್ಬರೂ ಹೊರಟರು. ಬೀಗದಣ್ಣನಿಗೆ ಎರಡು ಕಡೆಯ ಗಾಳಿಗೆ ಮೂಗು ಕಟ್ಟಿತ್ತು, ಆದರೆ ಮುಂದಿನ ವರ್ಷದ ನಾಲ್ಕೈದು ರಾತ್ರಿಗೆ ಸಾಲುವಷ್ಟು ಅಂಕ ಕೂಡಿತ್ತೆಂದು ಕುಣಿಯುವುದೊಂದು ಬಾಕಿ. ಹೆಂಡತಿಯ ಕೆನ್ನೆ ಕೆಂಪಾಗಿ, ಆಕೆ ಹತ್ತು ವರ್ಷ ಚಿಕ್ಕವಳಂತೆ ಕಾಣುತ್ತಿದ್ದಳು. ಮ್ಯಾನೇಜರು ಖುದ್ದು ಬಾಗಿಲವರೆಗೆ ಬಂದರು, ಕೈಯಲ್ಲಿ ಫಾರಂ ಹಿಡಿದು.

"ಅಮ್ಮ, ತಮಗೆ ಇಲ್ಲಿ ಏನೇನು ತೊಂದರೆ ಆಯಿತು ಅಂತ ತಿಳಿಸಬೇಕು."

"ಏನೂ ಆಗಲಿಲ್ಲಪ್ಪ."

"ಸುತ್ತಿಗೆ ಸದ್ದು?"

"ಇಲ್ಲ."

"ನೀರು ನಿಂತಿದ್ದು?"

"ಒಂದು ಸಲಾನೂ ಇಲ್ಲ."

ಮ್ಯಾನೇಜರ ಮುಖ ಬಾಡಿತು. ಫಾರಂ ತುಂಬಾ ಸೊನ್ನೆ ಬರೆದು, ತಲೆ ತಗ್ಗಿಸಿ, "ದಯವಿಟ್ಟು ಕ್ಷಮಿಸಬೇಕು ಅಮ್ಮ. ಮುಂದಿನ ಸಲ ಹೀಗಾಗದಂತೆ ನೋಡ್ಕೊಳ್ತೀವಿ," ಅಂದರು.

"ಇರಲಿ ಬಿಡಪ್ಪ," ಅಂದಳು ಆಕೆ, ಸೆರಗು ಸರಿಪಡಿಸಿಕೊಳ್ಳುತ್ತಾ. "ಇಷ್ಟಕ್ಕೆಲ್ಲ ಬೇಜಾರು ಮಾಡ್ಕೊಳ್ಳೋಳಲ್ಲ ನಾನು. ಏಳು ದಿನದಲ್ಲಿ ನನಗೆ ಇದೇ ಅಭ್ಯಾಸ ಆಗಿಹೋಗಿದೆ."