ಬಾಣಂತಿಯ ಉಂಡೆಯೂ ನನ್ನ ಪಥ್ಯವೂ

ಪಥ್ಯ ಮಾಡುವುದು ಅಂಥ ಕಷ್ಟದ ಕೆಲಸವೇನಲ್ಲ. ಪಥ್ಯ ಮಾಡುತ್ತಿದ್ದೇನೆ ಎಂದು ನಾಲ್ಕು ಜನಕ್ಕೆ ಹೇಳದೆ ಸುಮ್ಮನಿರುವುದೇ ಕಷ್ಟ. ಸಿಹಿ ಬಿಟ್ಟವರನ್ನು ನೋಡಿದ್ದೇನೆ, ಬೀಡಿ ಬಿಟ್ಟವರನ್ನು ನೋಡಿದ್ದೇನೆ. ಬಿಟ್ಟದ್ದನ್ನು ಹೇಳಿಕೊಂಡು ತಿರುಗುವುದನ್ನು ಬಿಟ್ಟವರನ್ನು ಮಾತ್ರ ಇನ್ನೂ ಕಂಡಿಲ್ಲ. ನಾನಂತೂ ವಿಜ್ಞಾನದ ಮಾಸ್ತರ. ಇಳಕಲ್ಲಿನಲ್ಲಿ ಮನೆ, ಗುಡೂರಿನ ಹೈಸ್ಕೂಲಿನಲ್ಲಿ ನೌಕರಿ. ಇಪ್ಪತ್ತೇಳು ವರ್ಷ ಕರಿಹಲಗೆಯ ಮುಂದೆ ನಿಂತವನಿಗೆ ಹೊಸ ವಿಷಯವೊಂದು ಸಿಕ್ಕರೆ ಅದನ್ನು ತನ್ನಲ್ಲೇ ಇಟ್ಟುಕೊಳ್ಳುವುದು ಹೇಗೆ ಸಾಧ್ಯ? ರಕ್ತದಲ್ಲಿ ಸಕ್ಕರೆ ಏರಿದೆ, ಕಾರ್ಬೋಹೈಡ್ರೇಟ್ ಇಳಿಸಿ ಎಂದು ಡಾಕ್ಟರು ಹೇಳಿದ್ದು ಒಂದು ಸೋಮವಾರ. ಬುಧವಾರದ ಹೊತ್ತಿಗೆ ಒಂಬತ್ತನೇ ತರಗತಿಯ ಮಕ್ಕಳಿಗೆ, ಬಸ್ಸಿನ ಕಂಡಕ್ಟರಿಗೆ, ಹಾಲು ಹಾಕುವವನಿಗೆ, ಎಲ್ಲರಿಗೂ ನನ್ನ ತಟ್ಟೆಯಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎನ್ನುವುದು ಬಾಯಿಪಾಠವಾಗಿತ್ತು.

ಇರದೇ ಇದ್ದದ್ದರಲ್ಲಿ ಮೊದಲನೆಯದು ಜೋಳದ ರೊಟ್ಟಿ. ನಮ್ಮ ಕಡೆ ಒಬ್ಬ ಗಂಡಸು ರೊಟ್ಟಿ ಬಿಟ್ಟನೆಂದರೆ ಜನ ಅವನ ಆರೋಗ್ಯ ವಿಚಾರಿಸುವುದಿಲ್ಲ, "ಮನ್ಯಾಗ ಏನರ ಜಗಳ ಆತೇನ್ರಿ?" ಎಂದು ಕೇಳುತ್ತಾರೆ. ಶಾಲೆಯಲ್ಲಿ ಊಟದ ಹೊತ್ತಿಗೆ ನಾನು ಮೆಂತ್ಯದ ಪಲ್ಯವನ್ನೂ ಸೌತೆಕಾಯಿಯನ್ನೂ ಮೊಸರನ್ನೂ ಎದುರಿಗೆ ಹರಡಿಕೊಂಡು ಕೂತರೆ ಗಣಿತದ ದಸ್ತಗೀರ ಮಾಸ್ತರರು ದಿನಾಲೂ ಒಂದು ರೊಟ್ಟಿ ಮುರಿದು ಮುಂದೆ ಹಿಡಿಯುತ್ತಿದ್ದರು. "ಸರ, ಪಲ್ಯಾ ಒಂದ ತಿಂದ್ರ ಅದಕ್ಕೂ ಬ್ಯಾಸರ ಆಗತೈತ್ರಿ, ಜೋಡಿ ಇರಲಿ ತಗೋರಿ" ಎನ್ನುತ್ತಿದ್ದರು. ನಾನು ಕೈ ಅಡ್ಡ ಹಿಡಿದು, ಕಣ್ಣು ಅರ್ಧ ಮುಚ್ಚಿ, ತಲೆಯಾಡಿಸುತ್ತಿದ್ದೆ. ಆ ತಲೆಯಾಡಿಸುವುದರಲ್ಲಿ ಇರುವ ಸುಖ ಯಾವ ಸಿಹಿಯಲ್ಲೂ ಇಲ್ಲ ಎಂದು ಆಗ ನಿಜವಾಗಿಯೂ ನಂಬಿದ್ದೆ.

ನನ್ನ ಕೀರ್ತಿ ಶಿಖರ ಮುಟ್ಟಿದ್ದು ಬಾದಾಮಿಯಲ್ಲಿ, ಬಸುರಿ ಮಗಳು ರೇಖಾಳ ಕುಬಸದ ಊಟದ ದಿನ. ಬೀಗರ ಮನೆ, ನೂರು ಜನರ ಪಂಕ್ತಿ. ರೇಖಾಳ ಅತ್ತೆ ಶಂಕ್ರವ್ವನವರು ಸ್ವತಃ ಹೋಳಿಗೆಯ ಬುಟ್ಟಿ ಹಿಡಿದು ನನ್ನ ಎಲೆಯ ಮುಂದೆ ಬಂದು ನಿಂತರು. ನಾನು ಎರಡೂ ಕೈಗಳಿಂದ ಎಲೆಯನ್ನು ಮುಚ್ಚಿದೆ. ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಕಡಲೆಬೇಳೆ, ಬೆಲ್ಲ, ಮೈದಾ ಮೂರೂ ಒಟ್ಟುಗೂಡಿ ನಮ್ಮ ರಕ್ತದಲ್ಲಿ ಏನೇನು ಅನಾಹುತ ಮಾಡುತ್ತವೆ ಎಂದು, ಬಡಿಸುವವರು ಕೈಯಲ್ಲಿ ತುಪ್ಪದ ಗಿಂಡಿ ಹಿಡಿದು ಕಾಯುತ್ತಿದ್ದಂತೆಯೇ, ವಿವರವಾಗಿ ಪಾಠ ಮಾಡಿದೆ. ನನ್ನ ಪಕ್ಕದಲ್ಲಿ ಎರಡನೇ ಹೋಳಿಗೆ ಮುರಿಯುತ್ತಿದ್ದ ಬೀಗರು ಹತ್ತು ವರ್ಷದ ಹಳೆಯ ಸಕ್ಕರೆ ಕಾಯಿಲೆಯವರು. ಪಾಪ, ಅವರು ಕೈಯಲ್ಲಿದ್ದ ತುಂಡನ್ನು ಎಲೆಯ ಅಂಚಿಗೆ ಸರಿಸಿ ನೀರು ಕುಡಿದರು. ಅಂದಿನಿಂದ ಬಾದಾಮಿಯ ಆ ಮನೆಯಲ್ಲಿ ಯಾರಾದರೂ ಎರಡನೇ ಸಲ ಸಿಹಿ ಕೇಳಿದರೆ, "ಇಳಕಲ್ ಮಾಸ್ತರ್ನ ನೋಡಿ ಕಲೀರಿ" ಎಂದು ಶಂಕ್ರವ್ವ ಹೇಳುತ್ತಿದ್ದರಂತೆ.

ಮುಂದೆ ರೇಖಾ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಳು, ಹೆಣ್ಣುಮಗು ಹೆತ್ತಳು, ಐದು ತಿಂಗಳ ಬಾಣಂತನ ಶುರುವಾಯಿತು. ಬಾಣಂತನವೆಂದರೆ ಅಂಟಿನ ಉಂಡೆ. ಹೆಂಡತಿ ಗಿರಿಜಾ ಮೂರು ದಿನ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಅಂಟನ್ನು ತುಪ್ಪದಲ್ಲಿ ಹುರಿದಾಗ ಅದು ಮಲ್ಲಿಗೆ ಮೊಗ್ಗಿನ ಹಾಗೆ ಅರಳುವ ಸದ್ದು, ಒಣಕೊಬ್ಬರಿ, ಬಾದಾಮಿ ಬೀಜ, ಉತ್ತತ್ತಿ, ಗಸಗಸೆ, ಜಾಜಿಕಾಯಿ ಎಲ್ಲ ಸೇರಿ ಎದ್ದ ವಾಸನೆ ಪಡಸಾಲೆ ದಾಟಿ, ಪರೀಕ್ಷೆಯ ಪೇಪರು ತಿದ್ದುತ್ತಿದ್ದ ನನ್ನ ಮೂಗಿಗೆ ಬಂದು ತಟ್ಟಿತು. ಆ ದಿನ ನನ್ನ ಕೈಯಲ್ಲಿ ಬಹಳ ಮಕ್ಕಳು ಪಾಸಾದರು. ಗಿರಿಜಾ ಉಂಡೆ ತುಂಬಿದ ಸ್ಟೀಲಿನ ಡಬ್ಬಿಯ ಫೋಟೊ ತೆಗೆದು ಬೀಗತಿಗೆ ವಾಟ್ಸಾಪ್ ಮಾಡಿದಳು. ದಿನಕ್ಕೆ ನಾಲ್ಕು: ಬೆಳಿಗ್ಗೆ ಎರಡು, ಸಂಜೆಗೆ ಎರಡು. ತಟ್ಟೆಯಲ್ಲಿಟ್ಟು ಬಾಣಂತಿಯ ಕೋಣೆಗೆ ಕೊಟ್ಟು ಬರುವುದು, ಖಾಲಿ ತಟ್ಟೆ ತರುವುದು, ಬೀಗತಿಗೆ ವರದಿ ಒಪ್ಪಿಸುವುದು.

ಆದರೆ ರೇಖಾಗೆ ಐದನೇ ದಿನಕ್ಕೇ ತುಪ್ಪದ ವಾಸನೆ ಕಂಡರೆ ಆಗದಂತಾಯಿತು. ನಾನು ಮಗುವನ್ನು ನೋಡಲು ಒಳಗೆ ಹೋದಾಗ ತಟ್ಟೆಯನ್ನು ನನ್ನ ಕಡೆ ತಳ್ಳಿದಳು.

"ಅಪ್ಪಾ, ಇದರಾಗಿಂದ ಒಂದ ನೀ ತಿಂದುಬಿಡು. ಹಂಗ ಇಟ್ರ ಅವ್ವ ಎದಿ ಮ್ಯಾಲೆ ಕುಂತು ತಿನಸ್ತಾಳ."

"ನನಗ ನಡ್ಯಂಗಿಲ್ಲವಾ" ಎಂದೆ, ಕಣ್ಣು ಅರ್ಧ ಮುಚ್ಚಿ. ಆದರೆ ಅರ್ಧ ತೆರೆದ ಕಣ್ಣಿಗೆ ಉಂಡೆ ಕಾಣಿಸುತ್ತಿತ್ತಲ್ಲ, ವಿಜ್ಞಾನ ಎಚ್ಚರಗೊಂಡಿತು. ಕೊಬ್ಬರಿಯಲ್ಲಿ ಇರುವುದು ಕೊಬ್ಬು. ತುಪ್ಪವೂ ಕೊಬ್ಬು. ಬಾದಾಮಿ ಬೀಜವನ್ನು ಡಾಕ್ಟರೇ ತಿನ್ನಲು ಹೇಳಿದ್ದಾರೆ. ಅಂಟು ಎಂದರೆ ನಾರು, ಹೊಟ್ಟೆಗೆ ಒಳ್ಳೆಯದು. ಉತ್ತತ್ತಿಯ ಬಗ್ಗೆ ಸ್ವಲ್ಪ ಅನುಮಾನವಿದೆ, ಸಂಶಯದ ಲಾಭ ಆರೋಪಿಗೆ ಸಿಗಬೇಕು. ಉಳಿದದ್ದು ಬೆಲ್ಲ ಒಂದೇ. ಅದೂ ಉಂಡೆ ಒಡೆಯದ ಹಾಗೆ ಹಿಡಿದಿಡಲು ಹಾಕಿದ್ದು, ತಿನ್ನಲಿ ಎಂದು ಹಾಕಿದ್ದಲ್ಲ. ಬಹುಮತದ ಪ್ರಕಾರ ನೋಡಿದರೆ ಅಂಟಿನ ಉಂಡೆ ಅಪ್ಪಟ ಕಡಿಮೆ ಕಾರ್ಬೋಹೈಡ್ರೇಟಿನ ಆಹಾರ. ಇಷ್ಟು ಯೋಚನೆ ಮುಗಿಯುವ ಹೊತ್ತಿಗೆ ಉಂಡೆಯೂ ಮುಗಿದಿತ್ತು.

ಒಂದು ಎಂದು ಆರಂಭವಾದದ್ದು ವಾರದೊಳಗೆ ಎರಡಾಯಿತು, ಆಮೇಲೆ ಮೂರು. ರೇಖಾ ಅರ್ಧ ಚಿವುಟಿ ಬಾಯಿಗೆ ಹಾಕಿಕೊಂಡರೆ ಅವಳ ಪಾಲು ತೀರಿತು. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಒಮ್ಮೆ, ಸಂಜೆ ಬಸ್ಸಿಳಿದು ಚಪ್ಪಲಿ ಬಿಟ್ಟ ಕೂಡಲೇ ಒಮ್ಮೆ, ನಾನು ಮೊಮ್ಮಗಳನ್ನು ನೋಡಲು ಹೋಗುತ್ತಿದ್ದೆ. "ಮೊಮ್ಮಗಳ ಮ್ಯಾಲೆ ಏನ್ ಜೀವರಿ ನಿಮದು" ಎಂದು ಗಿರಿಜಾ ನೆರೆಹೊರೆಯವರೆದುರು ಹೊಗಳುತ್ತಿದ್ದಳು. ಜೀವ ಇದ್ದದ್ದೂ ನಿಜ. ಆ ಕೂಸು ನನ್ನ ಬೆರಳನ್ನು ಹಿಡಿದರೆ ಬಿಡುತ್ತಿರಲಿಲ್ಲ. ಇನ್ನೊಂದು ಕೈ ಬಿಡುವಾಗಿರುತ್ತಿತ್ತು ಅಷ್ಟೆ. ಊಟದ ಹೊತ್ತಿಗೆ ಎಲ್ಲರೆದುರು ರೊಟ್ಟಿಗೆ ಕೈ ಅಡ್ಡ ಹಿಡಿಯುವುದು ಮಾತ್ರ ತಪ್ಪಲಿಲ್ಲ. ಡಾಕ್ಟರ ಬಳಿ ತಿಂಗಳ ತಪಾಸಣೆಗೆ ಹೋಗಬೇಕಿತ್ತು, ಮನೆಯಲ್ಲಿ ಬಾಣಂತಿ ಇದ್ದಾಳೆಂದು ಮುಂದೂಡಿದೆ. ಮೊದಲ ಡಬ್ಬಿ ಖಾಲಿಯಾದದ್ದು ಕಂಡು ಗಿರಿಜಾ ಸಂತೋಷದಿಂದ ಎರಡನೆಯದನ್ನು ಕಟ್ಟಿದಳು.

ಎರಡನೇ ಡಬ್ಬಿಯೂ ತಳ ಕಾಣುವ ಹೊತ್ತಿಗೆ ಒಂದು ಭಾನುವಾರ ಬಾದಾಮಿಯಿಂದ ಬೀಗರು ಬಂದರು. ಶಂಕ್ರವ್ವ ಕೂಸನ್ನು ಎತ್ತಿಕೊಂಡು ಮುದ್ದಾಡಿ, ತಲೆಯೆತ್ತಿ ಸೊಸೆಯನ್ನು ನೋಡಿದರು. ನೋಡುತ್ತಲೇ ಉಳಿದರು.

"ಏನ ಯವ್ವಾ ರೇಖಾ, ಹಿಂಗ ಕಡ್ಡಿ ಆಗೀಯಲ್ಲ?"

ಆಮೇಲೆ ಗಿರಿಜಾಳ ಕಡೆ ತಿರುಗಿ ಬಹಳ ಮೆತ್ತಗಿನ ದನಿಯಲ್ಲಿ, "ಡಬ್ಬಿ ಫೋಟೊ ಚಂದ ಬಂದಿತ್ತ ಬಿಡ್ರಿ ಅಕ್ಕಾರ" ಎಂದರು.

ಬೈದಿದ್ದರೆ ವಾಸಿಯಿತ್ತು. ಶಂಕ್ರವ್ವ ಮುಂದುವರಿಸಿದರು. "ನಿಮಗೂ ಕೆಲಸ ಭಾಳ ಆಗೇತಿ. ಮಾಸ್ತರ್ದು ಪಥ್ಯ ಬ್ಯಾರೆ ನೋಡಬೇಕು. ಐದ ತಿಂಗಳ ಯಾಕ, ಬರೂ ಗುರುವಾರ ತಾಯಿ ಮಗಳನ್ನ ನಾವ ಬಾದಾಮಿಗೆ ಕರ್ಕೊಂಡ ಹೋಗ್ತೇವಿ. ಬಾಣಂತನ ಅಲ್ಲೇ ಮಾಡ್ತೇವಿ."

ತವರಿನ ಬಾಣಂತನ ಅರ್ಧಕ್ಕೇ ನಿಂತು ಮಗಳು ಗಂಡನ ಮನೆಗೆ ಹೋಗುವುದೆಂದರೆ ಓಣಿಯಲ್ಲಿ ಹೆಂಗಸೊಬ್ಬಳು ತಲೆಯೆತ್ತಿ ನಡೆಯುವ ಹಾಗಿಲ್ಲ. ಗಿರಿಜಾ ಚಹಾ ಮಾಡುತ್ತೇನೆಂದು ಒಳಗೆ ಹೋದಳು. ನಾನೂ ಹಿಂದೆ ಹೋದೆ. ಒಲೆ ಹಚ್ಚದೆ ನಿಂತಿದ್ದಳು.

"ಎಂಬತ್ತಕ್ಕಿಂತ ಮ್ಯಾಲೆ ಉಂಡಿ ತಿನಿಸೀನ್ರಿ. ಯಾಕ ಅಕಿ ಮೈಗೆ ಹತ್ತವಲ್ಲವು? ನನ್ನ ಕೈಯಾಗ ಏನ ದೋಷ ಐತೇನೋ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾಚಿಕೆಯಿಂದ ನನ್ನ ಮೈ ಹಿಡಿಯಷ್ಟಾಯಿತು. ಆ ಕೈಯಲ್ಲಿ ಏನೂ ದೋಷವಿಲ್ಲ ಎನ್ನುವುದಕ್ಕೆ ಇಳಕಲ್ಲಿನಲ್ಲಿ ನನಗಿಂತ ದೊಡ್ಡ ಸಾಕ್ಷಿ ಯಾರಿದ್ದರು? ಜೊತೆಗೆ, ಗುರುವಾರದಿಂದ ಆ ಕೂಸು ನನ್ನ ಬೆರಳು ಹಿಡಿಯುವುದಿಲ್ಲ ಎನ್ನುವುದೂ ನೆನಪಾಯಿತು. ನೆಟ್ಟಗೆ ಪಡಸಾಲೆಗೆ ಬಂದು ನಿಂತು, "ತಾಯಾರ, ರೇಖಾ ಸೊರಗಿದ್ದು ನನ್ನಿಂದ. ಉಂಡಿ ಎಲ್ಲಾ ತಿಂದಾಂವ ನಾನ" ಎಂದುಬಿಟ್ಟೆ.

ಭೂಮಿ ಬಾಯಿ ಬಿಡುತ್ತದೆ ಎಂದುಕೊಂಡಿದ್ದೆ. ಶಂಕ್ರವ್ವ ನಕ್ಕರು. ತಮ್ಮ ಗಂಡನ ಕಡೆ ನೋಡಿ, "ನೋಡ್ರಿ, ಹೆಂಡ್ತಿ ಮರ್ಯಾದಿ ಉಳಸಾಕ ಎಂಥಾ ಸುಳ್ಳ ಹೇಳ್ತಾರ ಮಾಸ್ತರು. ನೀವೂ ಅದೀರಿ" ಎಂದರು.

"ಸುಳ್ಳಲ್ರಿ, ಖರೇನ ತಿಂದೀನಿ."

"ನನ್ನ ಹೋಳಿಗಿ ಮುಟ್ಟದಾಂವರು ನೀವು. ನೂರ ಮಂದಿ ಮುಂದ ಎಲಿ ಮುಚ್ಚಿಕೊಂಡಾಂವರು. ನಿಮ್ಮ ಬಾಯಾಗ ಉಂಡಿ ಅಂದ್ರ ನಂಬೂ ಮಾತ?"

ರೇಖಾ ಒಳಗಿನಿಂದಲೇ ಕೂಗಿದಳು. "ಹೌದ್ರಿ ಅತ್ತೀ, ಅಪ್ಪನ ತಿಂದಾನ." ಮಗಳು ತವರನ್ನು ಬಿಟ್ಟುಕೊಡುವುದಿಲ್ಲ ಬಿಡು ಎನ್ನುವಂತೆ ಶಂಕ್ರವ್ವ ತಲೆಯಾಡಿಸಿದರು. ಜೀವನದಲ್ಲಿ ನಾನು ಹೇಳಿದ ಎಷ್ಟೋ ಸುಳ್ಳುಗಳನ್ನು ಜನ ಮರುಮಾತಿಲ್ಲದೆ ನಂಬಿದ್ದಾರೆ. ಅಪರೂಪಕ್ಕೆ ಒಂದು ನಿಜ ಹೇಳಿದರೆ, ಕಷ್ಟಪಟ್ಟು ಗಳಿಸಿದ್ದ ನನ್ನ ಒಳ್ಳೆಯ ಹೆಸರೇ ಅದಕ್ಕೆ ಅಡ್ಡ ಬಂದು ನಿಂತಿತ್ತು.

ಆಗ ಬೀಗರು ತಮ್ಮ ಕೈಚೀಲದ ಜಿಪ್ಪು ಎಳೆದರು. ಒಳಗಿನಿಂದ ಸಕ್ಕರೆ ನೋಡುವ ಪುಟ್ಟ ಮಷಿನ್ನು ಬಂತು. ಎಲ್ಲಿಗೆ ಹೋದರೂ ಅದನ್ನು ಒಯ್ಯುತ್ತಾರಂತೆ. ಹೊಸ ಸೂಜಿ ಹಾಕಿ, "ಬಟ್ಟ ಕೊಡ್ರಿ ಮಾಸ್ತರ" ಎಂದರು. ಕುಬಸದ ದಿನದ ಹೋಳಿಗೆಯ ತುಂಡು ಅವರಿಗೆ ನೆನಪಿತ್ತೆಂದು ಕಾಣುತ್ತದೆ, ಬೆರಳಿಗೆ ಸ್ವಲ್ಪ ಜೋರಾಗಿಯೇ ಚುಚ್ಚಿದರು. ರಕ್ತದ ಹನಿ ಪಟ್ಟಿಯ ಮೇಲೆ ಕೂತಿತು. ಗಿರಿಜಾ ಬಾಗಿಲಲ್ಲಿ ಬಂದು ನಿಂತಳು. ಎಲ್ಲರೂ ಬಗ್ಗಿ ನೋಡುತ್ತಿದ್ದೆವು. ಇಷ್ಟು ದಿನ ಯಾವ ಅಂಕಿಗೆ ಹೆದರಿ ಡಾಕ್ಟರಿಂದ ತಲೆ ತಪ್ಪಿಸಿಕೊಂಡಿದ್ದೆನೋ ಅದೇ ಅಂಕಿಗಾಗಿ ಮನಸ್ಸಿನಲ್ಲೇ ಕೈಮುಗಿದು ಬೇಡಿಕೊಂಡೆ: ದೇವರೇ, ಕಡಿಮೆ ಮಾತ್ರ ಬರದಿರಲಿ.

ಮುನ್ನೂರ ಹದಿನೆಂಟು.

ಬೀಗರು ಅದನ್ನು ದೊಡ್ಡದಾಗಿ ಓದಿ ಹೇಳಿದರು, ಹೆಂಡತಿಯ ಕೈಗೂ ಕೊಟ್ಟರು. ಶಂಕ್ರವ್ವ ಮಷಿನ್ನು ನೋಡಿದರು, ನನ್ನನ್ನು ನೋಡಿದರು, ನನ್ನ ಅಂಗಿಯ ಬಿಗಿದ ಗುಂಡಿಗಳನ್ನು ಈಗಷ್ಟೇ ಕಂಡವರಂತೆ ನೋಡಿದರು. "ಅಕ್ಕಾರ, ನಂದ ತಪ್ಪಾತ್ರಿ" ಎಂದು ಗಿರಿಜಾಳ ಕೈ ಹಿಡಿದುಕೊಂಡರು. "ಬಾಣಂತಿ ನಿಮ್ಮ ಹತ್ರಾನ ಇರಲಿ. ಆದ್ರ ಇವರನ್ನ ಆ ಖೋಲಿಗೆ ಬಿಡಬ್ಯಾಡ್ರಿ." ಗಿರಿಜಾ ತಲೆಯೆತ್ತಿದಳು. ನನ್ನ ಮೂವತ್ತು ವರ್ಷದ ಸಂಸಾರದಲ್ಲಿ ನನ್ನಿಂದಾಗಿ ಆ ಮುಖ ಅಷ್ಟು ಬೆಳಗಿದ್ದನ್ನು ನಾನು ಕಂಡಿರಲಿಲ್ಲ. ಅಂಥ ಅಂಕಿ ನೋಡಿ ಒಂದು ಮನೆಯವರೆಲ್ಲ ಖುಷಿಪಟ್ಟದ್ದು ವೈದ್ಯಕೀಯದಲ್ಲಿ ಅದೇ ಮೊದಲಿರಬೇಕು.

ಬೀಗರು ಬಸ್ಸು ಹತ್ತಿದರು. ಸಂಜೆ ಗಿರಿಜಾ ರೇಖಾಳ ಎದುರೇ ಕೂತು ಎರಡು ಉಂಡೆ ತಿನ್ನಿಸಿ ಬಂದಳು. ಆಮೇಲೆ ಪಡಸಾಲೆಯಲ್ಲಿ ನನ್ನ ಪಕ್ಕದಲ್ಲಿ ಬಂದು ಕೂತಾಗ ನಾನು ಬೈಗುಳಕ್ಕೆ ತಯಾರಾದೆ. ಕದ್ದದ್ದಕ್ಕೆ ಒಂದು, ಮುಚ್ಚಿಟ್ಟದ್ದಕ್ಕೆ ಒಂದು, ಆರೋಗ್ಯ ಕೆಡಿಸಿಕೊಂಡದ್ದಕ್ಕೆ ಒಂದು ಎಂದು ಮನಸ್ಸಿನಲ್ಲೇ ಸಾಲಾಗಿ ಜೋಡಿಸಿಕೊಂಡೆ. ಅವಳು ಯಾವುದನ್ನೂ ಎತ್ತಲಿಲ್ಲ. ನಾಳೆ ಡಾಕ್ಟರ ಬಳಿ ಹೋಗೋಣ ಎಂದಳು. ಅನಂತರ, ಮದುವೆಯಾದ ಹೊಸತರಲ್ಲಿ ಕೇಳುತ್ತಿದ್ದ ದನಿಯಲ್ಲಿ ಕೇಳಿದಳು. "ಅಲ್ರಿ, ಖರೆ ಹೇಳ್ರಿ. ಉಂಡಿ ಹೆಂಗಾಗಿದ್ದುವು?"

ಅಂದು ಒಂದು ನಿಜ ಹೇಳಿ ಮನೆ ಉಳಿಸಿದವನು ನಾನು. ಅದರ ಅಮಲು ಇನ್ನೂ ಇಳಿದಿರಲಿಲ್ಲ. "ಚಂದ ಆಗಿದ್ದುವು. ಎರಡನೇ ಡಬ್ಬಿಗೆ ಬೆಲ್ಲ ಒಂಚೂರು ಕಡಿಮಿ ಬಿದ್ದಿತ್ತು ನೋಡು" ಎಂದೆ.

ಗಿರಿಜಾ ನಿಧಾನವಾಗಿ ನನ್ನ ಕಡೆ ತಿರುಗಿದಳು. "ಮುನ್ನೂರ ಹದಿನೆಂಟ ಬಂದೇತಿ. ಇನ್ನೂ ಎಷ್ಟ ಹಾಕಬೇಕಿತ್ತರಿ?"

ಆಗಲಾದರೂ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. "ಇನ್ನೊಂದ ಹಿಡಿ ಸಾಕಿತ್ತು" ಎಂದೆ.