ಹಿಂದೆ ಸರಿಯಿತು, ಎದುರಿಗೆ ಬಂತು

ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಬರೆದು ಗೊತ್ತಿರುವವನಲ್ಲ, ಮೂಡುಬಿದಿರೆಯಲ್ಲಿ ಮೊಬೈಲ್ ಆ್ಯಪ್ ಮಾಡುವವನು. ನಗುವ ವಿಷಯವನ್ನು ಶುರು ಮಾಡಿ ಅರ್ಧದಲ್ಲಿ ವಿವರಣೆಗೆ ಇಳಿಯುತ್ತೇನೆ. ನಮ್ಮ ಕೆಲಸದಲ್ಲಿ ಇಂಥ ತಮಾಷೆಗಳು ಆಗುತ್ತಲೇ ಇರುತ್ತವೆ. ಕೇಳಿ ನಗುತ್ತಿದ್ದ, ಜೊತೆಗೆ ಕೆಲಸ ಮಾಡುತ್ತಿದ್ದ ಗೆಳೆಯ ಈಗ ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಆ್ಯಪಿನ ಪ್ರತಿ ಪರದೆಗೂ ಒಂದು ಬದುಕು ಉಂಟು. ಅದು ತೆರೆಯುತ್ತದೆ, ಎದುರಿಗೆ ಬರುತ್ತದೆ, ನೀವು ಬೇರೆ ಕೆಲಸಕ್ಕೆ ಹೋದರೆ ಹಿಂದೆ ಸರಿಯುತ್ತದೆ, ಕೊನೆಗೆ ಮುಚ್ಚುತ್ತದೆ. ತಪ್ಪು ಹುಡುಕುವುದಕ್ಕಾಗಿ ಇದನ್ನೆಲ್ಲ ಸಾಲುಸಾಲಾಗಿ ಬರೆಸಿಕೊಳ್ಳುತ್ತೇವೆ. ಅದಕ್ಕೆ ಲಾಗ್ ಅನ್ನುತ್ತಾರೆ. ಪರೀಕ್ಷೆಗೆಂದು ಆ್ಯಪ್ ಹಾಕಿಕೊಂಡ ಫೋನ್ ಎಲ್ಲೇ ಇರಲಿ, ಸಾಲು ನನ್ನ ಕಂಪ್ಯೂಟರಿಗೆ ಬರುತ್ತದೆ. ಆ್ಯಪ್ ಜನರ ಕೈಗೆ ಹೋಗುವ ಮೊದಲು ಆ ಸಾಲುಗಳನ್ನು ತೆಗೆಯಬೇಕು. ನಮ್ಮದು ನಾಳೆ ಹೋಗುತ್ತದೆ. ನನಗೆ ತೆಗೆಯಲು ಕೈ ಬರುತ್ತಿಲ್ಲ.

ಬಸ್ಸಿನ ಧಣಿ

ಆ್ಯಪ್ ಬಸ್ಸಿನ ಸಮಯ ತೋರಿಸುವುದು. ಮಾಡಿಸಿದವರು ಬಂಟ್ವಾಳದ ಒಬ್ಬ ಬಸ್ಸಿನ ಧಣಿ. ಅವರಿಗೆ ತೋರಿಸಲು ನಾನೂ ಗೆಳೆಯನೂ ಹೋದೆವು. ಧಣಿಗಳ ಫೋನಿಗೇ ಆ್ಯಪ್ ಹಾಕಿಕೊಟ್ಟೆವು. ನೋಡುತ್ತಿರುವಾಗ ನಡುವೆ ಅವರಿಗೆ ಕರೆ ಬಂತು. ಎದುರಿನ ಲ್ಯಾಪ್‌ಟಾಪಿನಲ್ಲಿ "ಹಿಂದೆ ಸರಿಯಿತು" ಎಂದು ಬಂತು. ಮಾತು ಮುಗಿಸಿದ ಕೂಡಲೇ "ಎದುರಿಗೆ ಬಂತು". ಸಾಲುಗಳನ್ನು ಕನ್ನಡದಲ್ಲಿ ಬರೆಸಿದ್ದು ಗೆಳೆಯನೇ.

ಧಣಿಗಳ ಮುಖ ಸಣ್ಣದಾಯಿತು. "ನಾನು ಫೋನಲ್ಲಿ ಮಾತಾಡಿದ್ದು ಇದಕ್ಕೆ ಗೊತ್ತಾಗ್ತದಾ?"

"ಮಾತು ಗೊತ್ತಾಗುವುದಿಲ್ಲ ಧಣಿ," ಎಂದ ಗೆಳೆಯ. "ಕೆಲಸ ಬಿಟ್ಟು ಎಷ್ಟು ಹೊತ್ತು ಹೋದಿರಿ ಅಂತ ಮಾತ್ರ."

ಧಣಿಗಳು ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡು ಹೇಳಿದರು: "ಬಸ್ಸಿನ ಸಮಯ ನಿಧಾನಕ್ಕೆ ಮಾಡುವ. ಇದನ್ನು ಮೊದಲು ನಮ್ಮ ಕಂಡಕ್ಟರ್‌ಗಳ ಫೋನಿಗೆ ಹಾಕಿ."

ನಲವತ್ತು ಸಾಲು

ಗೆಳೆಯನಿಗೆ ಹೃದಯದ ತೊಂದರೆ ಇತ್ತು. ಡಾಕ್ಟರು ಓಡಾಡಬೇಡಿ ಎಂದ ಮೇಲೆ ಕಕ್ಕಿಂಜೆಯ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಒಂದು ಗಂಟೆ ಅವನ ಫೋನಿನಿಂದ ಸಾಲು ಬಾರದಿದ್ದರೆ ನಾನು ಕರೆ ಮಾಡುತ್ತಿದ್ದೆ.

"ಸತ್ತಿಲ್ಲ ಮಾರಾಯ, ಸ್ನಾನಕ್ಕೆ ಹೋಗಿದ್ದೆ," ಅನ್ನುತ್ತಿದ್ದ. ಕೊನೆಗೆ ಅವನೇ ಒಂದು ಕ್ರಮ ಮಾಡಿದ. ಬೆಳಿಗ್ಗೆ ಎದ್ದ ಕೂಡಲೇ ಆ್ಯಪ್ ತೆರೆಯುತ್ತೇನೆ, ಸಾಲು ಬಂದರೆ ಇದ್ದೇನೆ ಅಂತ ತಿಳಿದುಕೊ, ಕರೆ ಮಾಡಬೇಡ.

ಒಂದು ಮಧ್ಯಾಹ್ನ ಎರಡೇ ನಿಮಿಷದಲ್ಲಿ ನಲವತ್ತು ಸಾಲು ಬಂತು. ಮುಚ್ಚಿತು, ತೆರೆಯಿತು, ಮುಚ್ಚಿತು, ತೆರೆಯಿತು. ಕರೆ ಮಾಡಿದರೆ ಎತ್ತಲಿಲ್ಲ. ಅವನು ಫೋನ್ ಹಿಡಿದೇ ಬಿದ್ದು ಒದ್ದಾಡುತ್ತಿದ್ದಾನೆ ಅಂತಲೇ ನಾನು ತಿಳಿದೆ. ಹೆಲ್ಮೆಟ್ ಮರೆತು ಬೈಕ್ ಹತ್ತಿದವನು ಬೆಳ್ತಂಗಡಿ ದಾಟಿದ್ದೂ ಗೊತ್ತಾಗಲಿಲ್ಲ.

ಗೆಳೆಯ ದಿಂಬಿಗೆ ಒರಗಿ ಕೂತಿದ್ದ. "ಕರೆಂಟ್ ಇರಲಿಲ್ಲ. ಉಸಿರು ಕಟ್ಟಿದ ಹಾಗೆ ಆಯ್ತು. ಬೀಸಣಿಗೆ ಸಿಗಲಿಲ್ಲ, ಫೋನಲ್ಲೇ ಗಾಳಿ ಹಾಕಿಕೊಂಡೆ."

(ಫೋನ್ ಅಡ್ಡ ತಿರುಗಿದಾಗಲೆಲ್ಲ ಪರದೆ ಮುಚ್ಚಿ ಹೊಸದಾಗಿ ತೆರೆಯುತ್ತದೆ. ಇದು ಗೊತ್ತಿಲ್ಲದಿದ್ದರೆ ನಗು ಬರುವುದಿಲ್ಲ.)

"ಮತ್ತೆ ಕರೆ ಯಾಕೆ ಎತ್ತಲಿಲ್ಲ?"

"ಎತ್ತಿದರೆ ಗಾಳಿ ನಿಲ್ತದಲ್ಲ."

ಐದನೆಯ ಬೆಳಿಗ್ಗೆ

ಅವನು ಒಂದು ಶುಕ್ರವಾರ ಹೋದ. ಮಣ್ಣು ಕೊಟ್ಟು ಬಂದೆ. ಐದನೆಯ ಬೆಳಿಗ್ಗೆ, ಅವನು ಹೋದ ಮೇಲೆ ಮೊದಲ ಸಲ, ಆಫೀಸಿನಲ್ಲಿ ಕಂಪ್ಯೂಟರ್ ಹಾಕಿದರೆ ಅವನ ಫೋನಿನಿಂದ ಸಾಲು: "ಎದುರಿಗೆ ಬಂತು."

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ತುಂಬಾ ಹೊತ್ತಿನ ಮೇಲೆ ಧೈರ್ಯ ಮಾಡಿ ಅದೇ ಫೋನಿಗೆ ಕರೆ ಮಾಡಿದೆ. ಎತ್ತಿದ್ದು ಅವನ ತಾಯಿ, ಉಮ್ಮ.

"ನಾನೇ ಮಗ ತೆರೆದದ್ದು. ಬೆಳಿಗ್ಗೆ ಇದನ್ನು ತೆರೆಯದಿದ್ದರೆ ನೀನು ಹೆದರಿ ಬೈಕ್ ಹಿಡಿದು ಬರ್ತಿ ಅಂತ ಅವ ಹೇಳಿದ್ದ. ನೀನು ಬಂದರೆ ಮನೆಯಲ್ಲಿ ಮೀನು ಸಾಕಾಗುವುದಿಲ್ಲ ಅಂತಲೂ ಹೇಳಿದ್ದ."

ಅಂದಿನಿಂದ ದಿನಾ ಬೆಳಿಗ್ಗೆ ಉಮ್ಮ ತೆರೆಯುತ್ತಾರೆ. ನನಗೆ ಸಾಲು ಬರುತ್ತದೆ. ನಾಳೆಯಿಂದ ಆ ಸಾಲು ಬರುವುದಿಲ್ಲ ಎಂದು ಹೇಳಲು ಇವತ್ತು ಕಕ್ಕಿಂಜೆಗೆ ಬಂದೆ. ಈಗ ಅವರ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಹೇಗೋ ಹೇಳಿದೆ. ಉಮ್ಮ ಫೋನನ್ನು ಸೆರಗಿನಿಂದ ಒರೆಸಿ ಹೇಳಿದರು: "ತೆಗಿ. ಆದರೆ ನಾನು ಇದ್ದೇನಾ ಅಂತ ನೋಡ್ಲಿಕ್ಕೆ ಇನ್ನು ದಿನಾ ನೀನೇ ಬರಬೇಕಾಗ್ತದೆ. ಪೆಟ್ರೋಲ್ ನಿನ್ನದೇ."

ಇನ್ನೊಂದು ಮಾತು ಅವರಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಅವನ ಕೈಯಿಂದ ಬಂದ ಕೊನೆಯ ಸಾಲು "ಹಿಂದೆ ಸರಿಯಿತು". ಅದರ ಕೆಳಗೆ "ಮುಚ್ಚಿತು" ಎಂಬ ಸಾಲು ಇಲ್ಲ. ಇದು ತಪ್ಪಲ್ಲ. ಹಿಂದೆ ಸರಿದ ಪರದೆಯನ್ನು ಫೋನು ಕೆಲವು ಸಲ ಹೇಳದೆ ಕೇಳದೆ ತೆಗೆದುಬಿಡುತ್ತದೆ, ಆಗ ಆ ಸಾಲು ಬರುವುದೇ ಇಲ್ಲ. ಹಾಗಾಗಿ ಆ ಸಾಲಿಗೆ ನಾವು ಕಾಯಬಾರದು, ಅಂದರೆ ಕಾಯಬಾರದೆಂದು ಅಲ್ಲ, ಲಾಗಿನ ಪ್ರಕಾರ ನೋಡಿದರೆ ಅವನು

ಉಮ್ಮ ಒಳಗಿನಿಂದ ಕರೆಯುತ್ತಿದ್ದಾರೆ. ಬಡಿಸಿ ಆಯಿತಂತೆ.